ರಸ್ತೆ ತೆರಿಗೆ ಕಟ್ಟಿದ ಮೇಲೂ ಟೋಲ್ ಯಾಕೆ? ಆ ದುಡ್ಡು ಯಾರಿಗೆ ಹೋಗುತ್ತೆ?

ಪ್ರಶ್ನೆ: ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ, ಊರು ಮೈಸೂರು. ಹೆಚ್ಚುಕಮ್ಮಿ ಪ್ರತಿ ವಾರ ಕಾರಲ್ಲಿ ಹೋಗಿ ಬರುತ್ತೇನೆ. ಕಾರು ತಗೊಳ್ಳುವಾಗ ಲಕ್ಷಕ್ಕೂ ಜಾಸ್ತಿ ರಸ್ತೆ ತೆರಿಗೆ ಕಟ್ಟಿದ್ದೇನೆ, ಪೆಟ್ರೋಲ್ ಮೇಲೂ ತೆರಿಗೆ ಕಟ್ಟುತ್ತಿದ್ದೇನೆ. ಮತ್ತೆ ಟೋಲ್ ಯಾಕೆ? ದರ ಹಾಕುವವರು ಯಾರು, ದುಡ್ಡು ಯಾರಿಗೆ ಹೋಗುತ್ತೆ, ಬೂತಿನಲ್ಲಿ ಕೂತವರು ಸರ್ಕಾರಿ ನೌಕರರಾ? ಒಂದು ಸಲ ಕಾರು ಮನೆ ಮುಂದೆಯೇ ನಿಂತಿತ್ತು, ಆದರೂ ಯಾವುದೋ ಪ್ಲಾಜಾದಲ್ಲಿ ಫಾಸ್ಟ್ಯಾಗ್‌ನಿಂದ ದುಡ್ಡು ಕಟ್ ಆಯಿತು. ಅದು ಹೇಗೆ?

ಉತ್ತರ: ಮೊದಲು ದರ, ವಸೂಲಿ, ದುಡ್ಡು ಈ ಮೂರನ್ನು ಬಿಡಿಸಿ ನೋಡೋಣ. ಟೋಲ್ ಬಗ್ಗೆ ಇರುವ ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ. ದರ ಹಾಕುವವರು ಒಬ್ಬರು, ವಸೂಲಿ ಮಾಡುವವರು ಇನ್ನೊಬ್ಬರು, ಕೊನೆಗೆ ದುಡ್ಡು ಸೇರುವುದು ಬಹಳ ಸಲ ಮತ್ತೊಬ್ಬರಿಗೆ. ಜನ ಜಗಳ ಆಡುವುದು ಮಾತ್ರ ಕಣ್ಣಿಗೆ ಕಾಣುವ ಬೂತಿನ ಹುಡುಗನ ಹತ್ತಿರ. ಈ ಮೂವರಲ್ಲಿ ಏನೂ ಅಧಿಕಾರ ಇಲ್ಲದವನು ಅವನೊಬ್ಬನೇ.

ರಾಷ್ಟ್ರೀಯ ಹೆದ್ದಾರಿಯ ದರ ಹಾಕುವುದು ಕೇಂದ್ರ ಸರ್ಕಾರ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಶುಲ್ಕ ಹಾಕುವ ಅಧಿಕಾರ ಇದೆ. ಎಷ್ಟು, ಹೇಗೆ ಅನ್ನುವುದು 2008ರ ಶುಲ್ಕ ನಿಯಮಗಳಲ್ಲಿದೆ. ರಸ್ತೆ ಕಟ್ಟಿದ ಕಂಪನಿ ತನಗೆ ಬೇಕಾದ ಹಾಗೆ ದರ ಏರಿಸುತ್ತದೆ ಅಂತ ಬಹಳ ಜನ ನಂಬಿದ್ದಾರೆ, ಅದು ಹಾಗಲ್ಲ. ಲೆಕ್ಕಕ್ಕೆ ಒಂದು ಸೂತ್ರ ಇದೆ. ಒಮ್ಮೆ ನೀವೇ ಹಾಕಿ ನೋಡಿ, ಕಷ್ಟವೇನಿಲ್ಲ.

2007–08ರ ಮೂಲ ದರ ಕಾರಿಗೆ ಕಿಲೋಮೀಟರಿಗೆ 65 ಪೈಸೆ. ಸಣ್ಣ ಸರಕು ಗಾಡಿ, ಮಿನಿ ಬಸ್ಸಿಗೆ 1 ರೂಪಾಯಿ 5 ಪೈಸೆ. ಬಸ್ಸು, ಲಾರಿಗೆ 2 ರೂಪಾಯಿ 20 ಪೈಸೆ. ಇದು ನಾಲ್ಕು ಪಥ ಅಥವಾ ಅದಕ್ಕಿಂತ ದೊಡ್ಡ ರಸ್ತೆಗೆ. ಎರಡು ಪಥದ ರಸ್ತೆಗೆ ಟೋಲ್ ಇದ್ದರೆ ಇದರ ಶೇ. 60 ಮಾತ್ರ. ಈ ಮೂಲ ದರಕ್ಕೆ ಪ್ರತಿ ವರ್ಷ ಶೇ. 3 ಸೇರುತ್ತದೆ, ಚಕ್ರಬಡ್ಡಿ ಥರ ಅಲ್ಲ, ಮೂಲ 65 ಪೈಸೆಯ ಮೇಲೆ ಸರಳವಾಗಿ. 2008ರಿಂದ ಲೆಕ್ಕ ಹಿಡಿದರೆ 2025–26ಕ್ಕೆ ಹದಿನೆಂಟು ಸಲ, ಅಂದರೆ ಶೇ. 54. ಬರೀ ಇದರಿಂದಲೇ 65 ಪೈಸೆ ಸುಮಾರು 1 ರೂಪಾಯಿ ಆಯಿತು. ಅದರ ಮೇಲೆ ಬೆಲೆ ಏರಿಕೆಯ ಭಾಗ. ಸಗಟು ಬೆಲೆ ಸೂಚ್ಯಂಕ 2007ರಿಂದ ಎಷ್ಟು ಏರಿದೆಯೋ ಅದರಲ್ಲಿ ಶೇ. 40ರಷ್ಟನ್ನು ಸೇರಿಸುತ್ತಾರೆ. ಬಂದ ಮೊತ್ತವನ್ನು ಹತ್ತಿರದ 5 ರೂಪಾಯಿಗೆ ಸರಿಹೊಂದಿಸುತ್ತಾರೆ. ಪ್ರತಿ ಏಪ್ರಿಲ್ 1ಕ್ಕೆ ‘ಟೋಲ್ ದರ ಮತ್ತೆ ಏರಿಕೆ’ ಅಂತ ಸುದ್ದಿ ಬರುತ್ತದಲ್ಲ, ಅದು ಯಾರೋ ಆ ವರ್ಷ ಕೂತು ತೀರ್ಮಾನ ಮಾಡಿದ್ದಲ್ಲ. 2008ರಲ್ಲೇ ಬರೆದಿಟ್ಟ ಸೂತ್ರ ತಾನಾಗಿ ಓಡುತ್ತಿದೆ, ಅಷ್ಟೇ.

ಹಾಗಾದರೆ ಬೆಂಗಳೂರು–ಮೈಸೂರು ದಾರಿಗೆ ಅಷ್ಟೊಂದು ಯಾಕೆ? 2023ರ ಮಾರ್ಚ್ 14ಕ್ಕೆ ಬೆಂಗಳೂರು–ನಿಡಘಟ್ಟ ಭಾಗದ ವಸೂಲಿ ಶುರುವಾದಾಗ ಕಾರಿಗೆ ಒಂದು ಕಡೆಗೆ 135 ರೂಪಾಯಿ ಇತ್ತು. ದೂರ 56 ಕಿ.ಮೀ. ಅಂದರೆ ಕಿಲೋಮೀಟರಿಗೆ 2 ರೂಪಾಯಿ 40 ಪೈಸೆ ಆಸುಪಾಸು, ಮೇಲಿನ ಸೂತ್ರಕ್ಕೆ ಹೊಂದುವುದೇ ಇಲ್ಲ. ಗುಟ್ಟು ಇರುವುದು ಸೇತುವೆಗಳಲ್ಲಿ. ಸೇತುವೆ, ಸುರಂಗ, ಫ್ಲೈಓವರ್, ಎತ್ತರಿಸಿದ ರಸ್ತೆ ಇವುಗಳ ಉದ್ದವನ್ನು ಹತ್ತು ಪಟ್ಟು ಅಂತ ಲೆಕ್ಕ ಹಿಡಿಯಲು ನಿಯಮದಲ್ಲಿ ಅವಕಾಶ ಇದೆ. 60 ಕಿ.ಮೀ. ರಸ್ತೆಯಲ್ಲಿ 2 ಕಿ.ಮೀ. ಫ್ಲೈಓವರ್ ಇದ್ದರೆ ಲೆಕ್ಕ 60 ಅಲ್ಲ, 58 ಕೂಡಿಸು 20, ಒಟ್ಟು 78. ಮೈಸೂರು ದಾರಿ ಊರುಗಳ ಮಧ್ಯೆ ನುಗ್ಗದೆ ಬೈಪಾಸ್, ಮೇಲ್ಸೇತುವೆಗಳ ಮೇಲೆ ಹಾದು ಹೋಗುತ್ತದೆ. ಹಾಗಾಗಿ ಓಡಾಡಿದ ಕಿಲೋಮೀಟರಿಗಿಂತ ಬಿಲ್ಲಿನ ಕಿಲೋಮೀಟರ್ ಬಹಳ ಜಾಸ್ತಿ. 2025ರ ಜುಲೈನಲ್ಲಿ ಇದಕ್ಕೊಂದು ಮಿತಿ ಹಾಕಿದರು: ಹತ್ತು ಪಟ್ಟಿನ ಈ ಲೆಕ್ಕ, ಇಲ್ಲವೇ ಇಡೀ ರಸ್ತೆಯ ಐದು ಪಟ್ಟು, ಎರಡರಲ್ಲಿ ಯಾವುದು ಕಮ್ಮಿಯೋ ಅದು. ಪತ್ರಿಕೆಗಳು ‘ಟೋಲ್ ಅರ್ಧಕ್ಕೆ ಇಳಿಕೆ’ ಅಂತ ಬರೆದವು. ನಿಜ ಹೇಳಬೇಕೆಂದರೆ ಹತ್ತಿರ ಹತ್ತಿರ ಅರ್ಧ ರಸ್ತೆಯೇ ಸೇತುವೆ ಆಗಿದ್ದರೆ ಮಾತ್ರ ಇದರಿಂದ ಲಾಭ. ಮೇಲಿನ 78ರ ಉದಾಹರಣೆಯಲ್ಲಿ ಐದು ಪಟ್ಟು ಅಂದರೆ 300. ಹಾಗಾಗಿ 78ರಲ್ಲಿ ಒಂದು ಪೈಸೆಯೂ ಇಳಿಯುವುದಿಲ್ಲ.

ಈಗ ಬೂತಿಗೆ ಬರೋಣ. ಅಲ್ಲಿ ಕೂತವರು ಸರ್ಕಾರಿ ನೌಕರರಲ್ಲ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಬಹುಪಾಲನ್ನು ನೋಡಿಕೊಳ್ಳುವುದು ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ, ಅಂದರೆ ಎನ್‌ಎಚ್‌ಎಐ. 1988ರ ಕಾಯ್ದೆಯಿಂದ ಹುಟ್ಟಿ 1995ರಲ್ಲಿ ಕೆಲಸ ಶುರು ಮಾಡಿದ ಸಂಸ್ಥೆ. ಇದು ತಾನೇ ಟಿಕೆಟ್ ಹರಿಯುವುದಿಲ್ಲ. ಸರ್ಕಾರದ ದುಡ್ಡಲ್ಲಿ ಕಟ್ಟಿದ ರಸ್ತೆಯಾದರೆ ವಸೂಲಿಗೆ ಟೆಂಡರ್ ಕರೆಯುತ್ತದೆ. ‘ಈ ಪ್ಲಾಜಾದಿಂದ ವಾರಕ್ಕೆ ಇಷ್ಟು ಕಟ್ಟುತ್ತೇನೆ’ ಅಂತ ಅತಿ ಹೆಚ್ಚು ಬರೆದವರಿಗೆ ಗುತ್ತಿಗೆ. ಅವಧಿ ಸಾಮಾನ್ಯವಾಗಿ ಒಂದು ವರ್ಷ, ಕೆಲವು ಸಲ ಮೂರೇ ತಿಂಗಳು. ಒಪ್ಪಿದ ಮೊತ್ತಕ್ಕಿಂತ ಜಾಸ್ತಿ ಬಂದರೆ ಗುತ್ತಿಗೆದಾರನಿಗೆ ಲಾಭ, ಕಮ್ಮಿ ಬಂದರೆ ಅವನ ಕೈಯಿಂದ ಹೋಗುತ್ತದೆ. ‘ಸರ್, ನಮ್ಮ ಕೈಲಿಲ್ಲ’ ಅಂತ ಮತ್ತೆ ಮತ್ತೆ ಹೇಳುವ ಆ ಹುಡುಗ ಇಂಥ ಗುತ್ತಿಗೆದಾರನ ಕೆಳಗೆ ಶಿಫ್ಟ್ ಲೆಕ್ಕದಲ್ಲಿ ದುಡಿಯುವವನು. ಬಿಟ್ಟ ಪ್ರತಿ ಗಾಡಿಗೂ ಮಾಲೀಕನಿಂದ ಬೈಸಿಕೊಳ್ಳುವವನೂ ಅವನೇ. ಅವನ ಮೇಲೆ ಕೈ ಮಾಡುವ ವಿಡಿಯೋಗಳನ್ನು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ದುಡ್ಡು ಯಾರಿಗೆ ಅನ್ನುವುದು ಆ ರಸ್ತೆಯನ್ನು ಯಾವ ಲೆಕ್ಕದಲ್ಲಿ ಕಟ್ಟಿದರು ಅನ್ನುವುದರ ಮೇಲೆ ನಿಂತಿದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಹಳೆಯ ಪದ್ಧತಿ ಬಿಒಟಿ. ಖಾಸಗಿ ಕಂಪನಿ ತನ್ನ ದುಡ್ಡು, ಬ್ಯಾಂಕ್ ಸಾಲ ಹಾಕಿ ರಸ್ತೆ ಕಟ್ಟುತ್ತದೆ, ಒಪ್ಪಂದದ ಅಷ್ಟು ವರ್ಷ ಟೋಲ್ ತಾನೇ ಇಟ್ಟುಕೊಳ್ಳುತ್ತದೆ, ಆಮೇಲೆ ರಸ್ತೆಯನ್ನು ಸರ್ಕಾರಕ್ಕೆ ಬಿಟ್ಟುಕೊಡುತ್ತದೆ. ಇಲ್ಲಿ ದುಡ್ಡು ನೇರವಾಗಿ ಕಂಪನಿಗೆ. ಕೆಲವು ಒಪ್ಪಂದಗಳಲ್ಲಿ ಅದರಲ್ಲೊಂದು ಪಾಲು ಎನ್‌ಎಚ್‌ಎಐಗೂ ಬರುತ್ತದೆ. ಗಾಡಿಗಳು ಅಂದುಕೊಂಡಷ್ಟು ಬರದಿದ್ದರೆ ನಷ್ಟವೂ ಕಂಪನಿಯದೇ. 2010ರ ಆಚೀಚೆ ಇಂಥ ಬಹಳ ಕಂಪನಿಗಳು ಸಾಲ ತೀರಿಸಲಾಗದೆ ಕೂತವು, ರಸ್ತೆಗಳು ಅರ್ಧಕ್ಕೆ ನಿಂತವು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಗಳೂರಿನ ಪಂಪ್‌ವೆಲ್ ಫ್ಲೈಓವರ್ ಸಂಚಾರಕ್ಕೆ ತೆರೆದದ್ದು 2020ರ ಜನವರಿ ಕೊನೆಗೆ. ಅದೇ ಹೆದ್ದಾರಿ ಕೆಲಸಕ್ಕೆ ಸೇರಿದ ಹೆಜಮಾಡಿಯಲ್ಲಿ 2017ರಲ್ಲೇ ಟೋಲ್ ಶುರುವಾಗಿತ್ತು. ಕೆಲಸ ಮುಗಿಯದೆ ವಸೂಲಿ ಹೇಗೆ ಅಂತ ಜನ ಕೇಳಿದರು, ನ್ಯಾಯವಾದ ಪ್ರಶ್ನೆಯೇ. ಆದರೆ ರಸ್ತೆಯ ಮುಕ್ಕಾಲು ಪಾಲು ಉದ್ದ ಮುಗಿದರೆ ತಾತ್ಕಾಲಿಕ ಪ್ರಮಾಣಪತ್ರ ಪಡೆದು ವಸೂಲಿ ಶುರು ಮಾಡಬಹುದು ಅನ್ನುವ ಷರತ್ತು ಬಹಳ ಬಿಒಟಿ ಒಪ್ಪಂದಗಳಲ್ಲಿದೆ. ಆ ಮುಕ್ಕಾಲಿನಲ್ಲಿ ಅತಿ ಬೇಕಾದ ಸೇತುವೆ ಸೇರಿದೆಯಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಒಪ್ಪಂದ ಬರೆದ ರೀತಿಯಲ್ಲೇ ಇರುವ ತಪ್ಪು ಇದು ಅಂತ ನನ್ನ ಅಭಿಪ್ರಾಯ.

ಬಿಒಟಿ ಸೋತ ಮೇಲೆ ಬಂದದ್ದು ಹ್ಯಾಮ್ ಅನ್ನುವ ಬೆರಕೆ ಪದ್ಧತಿ. ಕಟ್ಟುವಾಗ ಖರ್ಚಿನ ಶೇ. 40 ಸರ್ಕಾರ ಕೊಡುತ್ತದೆ. ಉಳಿದ 60ನ್ನು ಕಂಪನಿ ಹಾಕುತ್ತದೆ, ಅದನ್ನು ಸಾಮಾನ್ಯವಾಗಿ 15 ವರ್ಷ ಕಂತಿನಲ್ಲಿ ಬಡ್ಡಿ ಸಮೇತ ಎನ್‌ಎಚ್‌ಎಐ ತೀರಿಸುತ್ತದೆ. ಟೋಲ್ ಮಾತ್ರ ಎನ್‌ಎಚ್‌ಎಐದು. ನಿಮ್ಮ ಬೆಂಗಳೂರು–ಮೈಸೂರು ರಸ್ತೆ ಈ ಜಾತಿಯದು. ಕಣಿಮಿಣಿಕೆ, ಶೇಷಗಿರಿಹಳ್ಳಿ, ಗಣಂಗೂರಿನಲ್ಲಿ ನೀವು ಕಟ್ಟುವ ದುಡ್ಡು ರಸ್ತೆ ಕಟ್ಟಿದ ಕಂಪನಿಗೆ ಹೋಗುವುದಿಲ್ಲ, ಕೇಂದ್ರಕ್ಕೆ ಹೋಗುತ್ತದೆ. ನೀವು ಟೋಲ್ ಕಟ್ಟಿದರೂ ಬಿಟ್ಟರೂ ಕಂಪನಿಯ ಕಂತು ಅದಕ್ಕೆ ಸಿಗುತ್ತದೆ.

ಮೂರನೆಯದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಆಗಲೇ ಕಟ್ಟಿ ಮುಗಿದ ರಸ್ತೆಯ ಮುಂದಿನ 20–30 ವರ್ಷದ ಟೋಲ್ ಹಕ್ಕನ್ನೇ ಒಟ್ಟಿಗೆ ಮಾರುವುದು. ಇದಕ್ಕೆ ಟಿಒಟಿ ಅನ್ನುತ್ತಾರೆ. 2018ರಲ್ಲಿ ಮೊದಲ ಸಲ ಆಂಧ್ರ ಮತ್ತು ಗುಜರಾತಿನ ಒಂಬತ್ತು ತುಂಡು ರಸ್ತೆಗಳನ್ನು, ಒಟ್ಟು ಸುಮಾರು 680 ಕಿ.ಮೀ., ಆಸ್ಟ್ರೇಲಿಯಾದ ಮ್ಯಾಕ್ವಾರಿ ಕಂಪನಿಗೆ 30 ವರ್ಷಕ್ಕೆ 9,681 ಕೋಟಿ ರೂಪಾಯಿಗೆ ಕೊಟ್ಟರು. ಬಂದ ದುಡ್ಡಲ್ಲಿ ಸರ್ಕಾರ ಹೊಸ ರಸ್ತೆ ಮಾಡುತ್ತದೆ, ಕಂಪನಿ ಹಳೆ ರಸ್ತೆಯನ್ನು ನೋಡಿಕೊಂಡು ಟೋಲ್ ಎತ್ತುತ್ತದೆ. 2021ರಿಂದ ಇನ್ವಿಟ್ ಅಂತ ಒಂದು ಟ್ರಸ್ಟ್ ಮೂಲಕವೂ ಇಂಥದ್ದೇ ಕೆಲಸ ನಡೆಯುತ್ತಿದೆ. ಅದರ ಯೂನಿಟ್‌ಗಳು ಷೇರುಪೇಟೆಯಲ್ಲೂ ಇವೆ.

ಹಾಗಾದರೆ ನೀವು ಕೇಳಿದ ರಸ್ತೆ ತೆರಿಗೆ? ಇಲ್ಲಿ ನಿಮ್ಮ ಮಾತು ಅರ್ಧ ಸರಿ. ಕಾರು ತಗೊಳ್ಳುವಾಗ ಆರ್‌ಟಿಒದಲ್ಲಿ ಕಟ್ಟಿದ್ದು ರಾಜ್ಯ ಸರ್ಕಾರದ ವಾಹನ ತೆರಿಗೆ. ಸಂವಿಧಾನದಲ್ಲೇ ಅದು ರಾಜ್ಯದ ಪಾಲು. ಅದರಿಂದ ಎನ್‌ಎಚ್‌ಎಐಗೆ ಒಂದು ರೂಪಾಯಿಯೂ ಹೋಗುವುದಿಲ್ಲ. ಆ ತೆರಿಗೆ ಇಂಥ ರಸ್ತೆಗೇ ಖರ್ಚಾಗಬೇಕು ಅಂತಲೂ ಇಲ್ಲ, ರಾಜ್ಯದ ಬೊಕ್ಕಸಕ್ಕೆ ಸೇರುತ್ತದೆ. ಹಾಗಾಗಿ ರಸ್ತೆ ತೆರಿಗೆ ತೋರಿಸಿ ‘ಎರಡು ಸಲ ಕಟ್ಟಿದೆ’ ಅಂದರೆ ವಾದ ನಿಲ್ಲುವುದಿಲ್ಲ. ಪೆಟ್ರೋಲಿನ ವಿಷಯದಲ್ಲಿ ಮಾತ್ರ ನಿಮ್ಮ ಕಡೆ ಬಲ ಇದೆ. ಪೆಟ್ರೋಲ್, ಡೀಸೆಲ್ ಮೇಲೆ ಕೇಂದ್ರ ಹಾಕುವ ರಸ್ತೆ ಸೆಸ್ 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆಯಡಿಯ ನಿಧಿಗೆ ಲೆಕ್ಕ ಆಗುತ್ತದೆ. ಅದರ ದೊಡ್ಡ ಭಾಗ ಹೆದ್ದಾರಿಗಳಿಗೇ ಬರುತ್ತದೆ. ಅಂದರೆ ಅದೇ ಎನ್‌ಎಚ್‌ಎಐ ನಿಮ್ಮಿಂದ ಪಂಪಿನಲ್ಲೂ ಪಡೆಯುತ್ತದೆ, ಪ್ಲಾಜಾದಲ್ಲೂ ಪಡೆಯುತ್ತದೆ. ಸೆಸ್ ಎಲ್ಲ ರಸ್ತೆಗೆ, ಟೋಲ್ ಒಳ್ಳೆಯ ರಸ್ತೆಗೆ ಅನ್ನುವುದು ಸರ್ಕಾರದ ಉತ್ತರ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ನನ್ನ ಕೇಳಿದರೆ, ‘ಟೋಲ್ ಯಾಕೆ’ ಅನ್ನುವುದಕ್ಕಿಂತ ‘ಟೋಲ್ ಯಾವಾಗ ನಿಲ್ಲುತ್ತದೆ’ ಅಂತ ಕೇಳುವುದು ಒಳ್ಳೆಯದು. ಯಾಕೆಂದರೆ ಅದಕ್ಕೆ ಈಗಿನ ಉತ್ತರ: ನಿಲ್ಲುವುದಿಲ್ಲ. ಮೊದಲು ನಿಯಮದಲ್ಲಿ ಒಂದು ಸಮಾಧಾನ ಇತ್ತು. ಕಟ್ಟಿದ ಖರ್ಚು ವಸೂಲಾದ ಮೇಲೆ, ಅಥವಾ ಕಂಪನಿಯ ಅವಧಿ ಮುಗಿದ ಮೇಲೆ, ದರವನ್ನು ಶೇ. 40ಕ್ಕೆ ಇಳಿಸಬೇಕು ಅಂತ. ರಸ್ತೆ ರಿಪೇರಿಗೆ ಅಷ್ಟು ಸಾಕು ಅನ್ನುವ ಲೆಕ್ಕ. 2023ರ ಅಕ್ಟೋಬರ್‌ನ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಈಗ ಪೂರ್ತಿ ದರದಲ್ಲೇ ವಸೂಲಿ ಮುಂದುವರಿಯುತ್ತದೆ, ಪ್ರತಿ ವರ್ಷದ ಏರಿಕೆಯೂ ಸೇರಿ. ಇದರ ಹಿಂದಿನ ಕಾರಣ ಅರ್ಥ ಆಗದ್ದೇನಲ್ಲ. ಒಂದು ಹಂತದಲ್ಲಿ ಎನ್‌ಎಚ್‌ಎಐ ಸಾಲ 3 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಮೈಸೂರು ದಾರಿಯ ಟೋಲ್ ಮೈಸೂರು ದಾರಿಗೇ ಖರ್ಚಾಗುವುದಿಲ್ಲ. ಎಲ್ಲ ಕಡೆಯದು ಒಟ್ಟಿಗೆ ಕೇಂದ್ರದ ಖಜಾನೆಗೆ ಹೋಗಿ, ಬಜೆಟ್ ಮೂಲಕ ಎನ್‌ಎಚ್‌ಎಐಗೆ ವಾಪಸ್ ಬಂದು, ಎಲ್ಲಿಯ ಸಾಲಕ್ಕೋ ಎಲ್ಲಿಯ ಹೊಸ ರಸ್ತೆಗೋ ಹೋಗುತ್ತದೆ. ಮನೆಯಲ್ಲಿ ದುಡಿಯುವ ಮಗ ಉಳಿದವರ ಸಾಲವನ್ನೂ ತೀರಿಸುವ ಥರ, ಗಾಡಿ ಜಾಸ್ತಿ ಓಡುವ ರಸ್ತೆ ಗಾಡಿ ಇಲ್ಲದ ರಸ್ತೆಯನ್ನು ಸಾಕುತ್ತದೆ. ದೇಶದ ಲೆಕ್ಕದಲ್ಲಿ ಇದು ತಪ್ಪು ಅಂತ ನಾನು ಹೇಳಲಾರೆ. ಆದರೆ ಅದನ್ನು ಜನರಿಗೆ ನೇರವಾಗಿ ಹೇಳಬೇಕಿತ್ತು. ‘ಕಟ್ಟಿದ ಖರ್ಚು ವಸೂಲಿ ಮಾಡುತ್ತಿದ್ದೇವೆ’ ಅಂತ ಶುರು ಮಾಡಿ ನಡುವೆ ಸುಮ್ನೆ ಒಂದು ಅಧಿಸೂಚನೆಯಲ್ಲಿ ಆಟದ ನಿಯಮ ಬದಲಿಸುವುದು ಸರಿಯಲ್ಲ.

ಎರಡನೇ ಕೇಳಬೇಕಾದ ಪ್ರಶ್ನೆ ರಸ್ತೆಯ ಗುಣಮಟ್ಟ. ಗುಂಡಿ ಬಿದ್ದ ರಸ್ತೆಗೂ ಪೂರ್ತಿ ಟೋಲ್ ಕೊಡಬೇಕಾ? ಇದಕ್ಕೆ ನ್ಯಾಯಾಲಯದಿಂದ ಉತ್ತರ ಬಂದಿದೆ. ಕೇರಳದ ತ್ರಿಶ್ಶೂರು ಜಿಲ್ಲೆಯ ಪಾಲಿಯೇಕ್ಕರ ಟೋಲ್ ಪ್ಲಾಜಾ ಇರುವ ಹೆದ್ದಾರಿಯಲ್ಲಿ ಕೆಳಸೇತುವೆ ಕೆಲಸಗಳಿಂದ ಗಂಟೆಗಟ್ಟಲೆ ಗಾಡಿ ನಿಲ್ಲುತ್ತಿತ್ತು. 2025ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟ್ ಅಲ್ಲಿ ವಸೂಲಿಯನ್ನೇ ತಡೆಯಿತು. ಎನ್‌ಎಚ್‌ಎಐ ಸುಪ್ರೀಂ ಕೋರ್ಟ್‌ಗೆ ಹೋಯಿತು, ಅಲ್ಲೂ ಸೋತಿತು. ಓಡಾಡಲು ಆಗದ ರಸ್ತೆಗೆ ಜನ ದುಡ್ಡು ಕೊಡಬೇಕಿಲ್ಲ ಅನ್ನುವುದು ಅದರ ಸಾರ. ಅಕ್ಟೋಬರ್‌ನಲ್ಲಿ ವಸೂಲಿ ಮತ್ತೆ ಶುರುವಾಯಿತು, ಆದರೆ ಎರಡು ತಿಂಗಳು ಒಂದು ದೊಡ್ಡ ಪ್ಲಾಜಾ ನಿಂತದ್ದು ಸಣ್ಣ ವಿಷಯವಲ್ಲ. ಮಹಾಲೇಖಪಾಲರು ದಕ್ಷಿಣದ ರಾಜ್ಯಗಳ ಟೋಲ್ ಲೆಕ್ಕ ತಪಾಸಣೆ ಮಾಡಿ 2023ರಲ್ಲಿ ಕೊಟ್ಟ ವರದಿಯಲ್ಲೂ ಕೆಲವು ಪ್ಲಾಜಾಗಳಲ್ಲಿ ನಿಯಮ ಮೀರಿ ನೂರು ಕೋಟಿಗೂ ಜಾಸ್ತಿ ವಸೂಲಾದದ್ದು ಬಯಲಾಗಿತ್ತು. ಅಂದರೆ ಸೂತ್ರ ಎಷ್ಟೇ ಕಟ್ಟುನಿಟ್ಟಾಗಿದ್ದರೂ ಅದನ್ನು ಪಾಲಿಸುತ್ತಾರಾ ಅನ್ನುವುದು ಬೇರೆಯೇ ಮಾತು.

ಎರಡು ಪ್ಲಾಜಾ ನಡುವೆ 60 ಕಿ.ಮೀ. ಇರಬೇಕು ಅನ್ನುವುದನ್ನು ನೀವೂ ಕೇಳಿರುತ್ತೀರಿ. ನಿಯಮದಲ್ಲಿ ಇದೆ. ಊರಿನ ಗಡಿಯಿಂದ 10 ಕಿ.ಮೀ. ಆಚೆ ಇರಬೇಕು ಅಂತಲೂ ಇದೆ. ಎರಡಕ್ಕೂ ‘ಕಾರಣ ಬರೆದಿಟ್ಟು ಹತ್ತಿರ ಹಾಕಬಹುದು’ ಅನ್ನುವ ಬಾಲ ಅಂಟಿಕೊಂಡಿದೆ. ಆ ಬಾಲದಿಂದಾಗಿಯೇ ಸುರತ್ಕಲ್ ಮತ್ತು ಹೆಜಮಾಡಿ ಪ್ಲಾಜಾಗಳ ನಡುವೆ 20 ಕಿ.ಮೀ. ಕೂಡ ಇರಲಿಲ್ಲ. ಸುರತ್ಕಲ್‌ನದು ತಾತ್ಕಾಲಿಕ ಅಂತ ಹೇಳಿಕೊಂಡೇ ವರ್ಷಗಟ್ಟಲೆ ನಡೆಯಿತು. ಜನ ಹಗಲು ರಾತ್ರಿ ಧರಣಿ ಕೂತ ಮೇಲೆ, 2022ರ ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಂತು ಹೆಜಮಾಡಿಗೆ ವಿಲೀನವಾಯಿತು. ಅಲ್ಲಿ ನಿಯಮ ಗೆಲ್ಲಲು ಜನ ಬೀದಿಗೆ ಬರಬೇಕಾಯಿತು.

ಇದುವರೆಗೆ ಹೇಳಿದ್ದೆಲ್ಲ ರಾಷ್ಟ್ರೀಯ ಹೆದ್ದಾರಿಯದು. ರಾಜ್ಯ ಹೆದ್ದಾರಿಯ ಟೋಲ್ ರಾಜ್ಯ ಸರ್ಕಾರದ್ದು, ಲೋಕೋಪಯೋಗಿ ಇಲಾಖೆ ಅಥವಾ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮದಂಥ ಸಂಸ್ಥೆಗಳ ಕೆಳಗೆ ಬರುತ್ತದೆ. ಬೆಂಗಳೂರಿನ ನೈಸ್ ರಸ್ತೆ ರಾಜ್ಯದ ಒಪ್ಪಂದದ ಮೇಲೆ ನಡೆಯುವ ಖಾಸಗಿ ರಸ್ತೆ, ಎನ್‌ಎಚ್‌ಎಐಗೂ ಅದಕ್ಕೂ ಸಂಬಂಧ ಇಲ್ಲ. ಅಲ್ಲಿ ಬೈಕಿಗೂ ಟೋಲ್ ಇದೆ. 2008ರ ನಿಯಮದ ಪ್ರಕಾರ ಬೈಕ್, ಆಟೋ, ಟ್ರ್ಯಾಕ್ಟರ್‌ಗೆ ಟೋಲ್ ಇಲ್ಲ. ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯಲ್ಲಿ ಬೈಕಿಗೆ ಇದೆಯಲ್ಲ ಅಂತ ಕೇಳಬಹುದು, ಅದರ ಒಪ್ಪಂದ ಆ ನಿಯಮಕ್ಕಿಂತ ಹಳೆಯದು. ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಂತೂ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡುವುದೇ ಇಲ್ಲ.

ಇನ್ನು ಯಾರಿಗೆ ಮಾಫಿ? ಪಟ್ಟಿ ಉದ್ದ ಇದೆ: ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿ, ನ್ಯಾಯಮೂರ್ತಿಗಳು, ಸಂಸದರು, ತಮ್ಮ ರಾಜ್ಯದೊಳಗೆ ಶಾಸಕರು, ಆಂಬುಲೆನ್ಸ್, ಅಗ್ನಿಶಾಮಕ, ಶವವಾಹನ, ಪರಮವೀರ ಚಕ್ರದಂಥ ಪದಕ ಪಡೆದವರು. ‘ಪ್ರೆಸ್’ ಅಂತ ಗಾಜಿಗೆ ಅಂಟಿಸಿಕೊಂಡವರು, ಶಾಸಕರ ಭಾವಮೈದುನ, ಯಾವುದೋ ಸಂಘದ ಜಿಲ್ಲಾಧ್ಯಕ್ಷರು ಇದರಲ್ಲಿ ಎಲ್ಲೂ ಇಲ್ಲ.

ನಿಮ್ಮ ಜೇಬಿನ ವಿಷಯಕ್ಕೆ ಬರುತ್ತೇನೆ. 24 ಗಂಟೆಯೊಳಗೆ ವಾಪಸ್ ಬಂದರೆ ಎರಡೂ ಕಡೆಗೆ ಸೇರಿ ಒಂದೂವರೆ ಪಟ್ಟು ಮಾತ್ರ. ಫಾಸ್ಟ್ಯಾಗ್ ಇದ್ದರೆ ಬರುವಾಗ ತಾನಾಗಿ ಕಮ್ಮಿ ಕಟ್ ಆಗುತ್ತದೆ. ಪ್ಲಾಜಾದಿಂದ 20 ಕಿ.ಮೀ. ಒಳಗೆ ಮನೆ ಇರುವವರ ಸ್ವಂತ ಕಾರಿಗೆ ತಿಂಗಳ ಪಾಸ್ ಇದೆ, 2025–26ರಲ್ಲಿ 350 ರೂಪಾಯಿ. ಇದು ನಿಮಗೆ ಬರುವುದಿಲ್ಲ. ನಿಮಗೆ ಬೇಕಾದದ್ದು ವಾರ್ಷಿಕ ಪಾಸ್. 2025ರ ಆಗಸ್ಟ್ 15ಕ್ಕೆ ಶುರುವಾದಾಗ ಅದರ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ. ಟ್ರಿಪ್ ಅಂದರೆ ಊರಿಗೆ ಹೋಗಿ ಬಂದದ್ದಲ್ಲ, ಒಂದು ಪ್ಲಾಜಾ ದಾಟಿದರೆ ಒಂದು ಟ್ರಿಪ್. ನಿಮ್ಮ ದಾರಿಯಲ್ಲಿ ಹೋಗುವಾಗ ಎರಡು, ಬರುವಾಗ ಎರಡು. ವಾರಕ್ಕೆ ನಾಲ್ಕು, ಐವತ್ತು ವಾರಕ್ಕೆ 200. ನಿಮಗಾಗಿಯೇ ಅಳತೆ ಮಾಡಿ ಹೊಲಿದ ಹಾಗಿದೆ, ಅಲ್ವಾ? ಆ 3,000 ರೂಪಾಯಿ ಲೆಕ್ಕದಲ್ಲಿ ಒಂದು ಸಲ ದಾಟಿದ್ದಕ್ಕೆ ಸರಾಸರಿ 15 ರೂಪಾಯಿ ಬೀಳುತ್ತದೆ. ರಾಜಮಾರ್ಗ ಯಾತ್ರಾ ಆ್ಯಪ್‌ನಲ್ಲಿ ಈಗಿರುವ ಟ್ಯಾಗ್ ಮೇಲೆಯೇ ಮಾಡಿಸಬಹುದು. ಆದರೆ ರಾಜ್ಯ ಹೆದ್ದಾರಿ, ನೈಸ್ ರಸ್ತೆಯಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಟ್ಯಾಗ್ ಇದ್ದರೂ ಮಾಮೂಲಿ ದರವೇ.

ಟ್ಯಾಗ್ ಇಲ್ಲದೆ ಹೋದರೆ? 2021ರ ಫೆಬ್ರವರಿಯಿಂದ ಎಲ್ಲ ಲೇನ್‌ಗಳೂ ಫಾಸ್ಟ್ಯಾಗ್ ಲೇನ್‌ಗಳೇ, ಇಲ್ಲದವರಿಗೆ ಎರಡು ಪಟ್ಟು. 2025ರ ನವೆಂಬರ್ 15ರಂದು ಸ್ವಲ್ಪ ಸಡಿಲ ಮಾಡಿ, ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು ಅಂತ ಮಾಡಿದರು. ‘ಸಾಲು 100 ಮೀಟರ್ ದಾಟಿದರೆ ಫ್ರೀ’ ಅಂತ ಇನ್ನೂ ಫಾರ್ವರ್ಡ್ ಆಗುತ್ತಿರುತ್ತದೆ. 2021ರ ಸುತ್ತೋಲೆಯಲ್ಲಿ ಅದು ಇದ್ದದ್ದು ನಿಜ, 2024ರಲ್ಲಿ ವಾಪಸ್ ಪಡೆದರು. ಅದನ್ನು ಹಿಡಿದು ಬೂತಿನಲ್ಲಿ ವಾದಕ್ಕೆ ನಿಲ್ಲಬೇಡಿ. ಇದರ ಬದಲು ಇನ್ನೊಂದನ್ನು ನೆನಪಿಡಿ: ನಿಮ್ಮ ಟ್ಯಾಗ್ ಸರಿ ಇದ್ದು, ದುಡ್ಡೂ ಇದ್ದು, ಅವರ ಯಂತ್ರ ಓದಲಿಲ್ಲ ಅಂದರೆ ದುಡ್ಡು ತಗೊಳ್ಳದೆ, ಸೊನ್ನೆ ರೂಪಾಯಿ ರಸೀದಿ ಕೊಟ್ಟು ಬಿಡಬೇಕು. 2018ರಿಂದ ಈ ನಿಯಮ ಇದೆ.

ಕೊನೆಗೆ, ಮನೆ ಮುಂದೆ ನಿಂತ ಕಾರಿನ ಕಥೆ. ಗಾಜಿನ ಮೇಲಿನ ಟ್ಯಾಗಿನಲ್ಲಿ ಬ್ಯಾಟರಿ ಇಲ್ಲ, ದುಡ್ಡೂ ಇಲ್ಲ, ಒಂದು ನಂಬರ್ ಮಾತ್ರ ಇದೆ. ಲೇನ್ ಮೇಲಿನ ಆಂಟೆನಾದ ರೇಡಿಯೋ ಅಲೆ ಬಿದ್ದಾಗ ಆ ನಂಬರನ್ನು ವಾಪಸ್ ಹೇಳುತ್ತದೆ. ಪ್ಲಾಜಾದ ಕಂಪ್ಯೂಟರ್ ಮೊದಲು ತನ್ನ ಹತ್ತಿರ ಇರುವ ಬ್ಲ್ಯಾಕ್‌ಲಿಸ್ಟ್, ಅಂದರೆ ದುಡ್ಡಿಲ್ಲದ ಅಥವಾ ತಡೆಹಿಡಿದ ಟ್ಯಾಗ್‌ಗಳ ಪಟ್ಟಿ ನೋಡುತ್ತದೆ. ಅದರಲ್ಲಿ ಇಲ್ಲ ಅಂದರೆ ಗೇಟ್ ಏಳುತ್ತದೆ. ದುಡ್ಡಿನ ಲೆಕ್ಕ ಆಮೇಲೆ. ಪ್ಲಾಜಾದ ಬ್ಯಾಂಕಿನಿಂದ, ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಗೆ, ಅಲ್ಲಿಂದ ನಿಮ್ಮ ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೋಗಿ ಕಟ್ ಆಗುತ್ತದೆ. ಅದಕ್ಕೇ ಮೆಸೇಜ್ ಕೆಲವು ಸಲ ತಡವಾಗಿ ಬರುವುದು. ಪ್ಲಾಜಾ ಕಂಡ ಮೇಲೆ ಗಡಿಬಿಡಿಯಲ್ಲಿ ರೀಚಾರ್ಜ್ ಮಾಡಿದರೆ ಕೆಂಪು ದೀಪವೇ ಬರುವುದೂ ಅದಕ್ಕೇ, ಅಲ್ಲಿನ ಪಟ್ಟಿ ಇನ್ನೂ ಬದಲಾಗಿರುವುದಿಲ್ಲ.

ಟ್ಯಾಗ್ ಓದದಿದ್ದಾಗ ಸಿಬ್ಬಂದಿ ಗಾಡಿ ನಂಬರನ್ನು ಕೈಯಲ್ಲಿ ಟೈಪ್ ಮಾಡುವುದುಂಟು. ಅಲ್ಲಿ ಒಂದು ಅಂಕಿ ತಪ್ಪಿದರೆ ಸಾಕು, ಎಲ್ಲೋ ಹೋಗುವವನ ಟೋಲ್ ನಿಮ್ಮ ಖಾತೆಗೆ ಬೀಳುತ್ತದೆ. ನಿಮಗೂ ಹೀಗೇ ಆಗಿರುವ ಸಾಧ್ಯತೆ ಜಾಸ್ತಿ. ಯಾರೋ ನಿಮ್ಮ ನಂಬರಿನ ನಕಲಿ ಫಲಕ ಹಾಕಿಕೊಂಡು ಓಡಾಡುವುದೂ ಉಂಟು, ಅದು ಅಪರೂಪ. ಮತ್ತೆ ಮತ್ತೆ ಅದೇ ದಾರಿಯ ಪ್ಲಾಜಾಗಳಲ್ಲಿ ಕಟ್ ಆಗುತ್ತಿದ್ದರೆ ಮಾತ್ರ ಪೊಲೀಸರಿಗೆ ದೂರು ಕೊಡಿ. ಹೀಗೆ ಕೈಯಲ್ಲಿ ಟೈಪ್ ಮಾಡಿದ ತಪ್ಪು ಸಾಬೀತಾದರೆ ವಸೂಲಿ ಗುತ್ತಿಗೆದಾರನಿಗೆ ಪ್ರತಿ ಪ್ರಕರಣಕ್ಕೆ ಒಂದು ಲಕ್ಷ ರೂಪಾಯಿ ಅಥವಾ ಅದಕ್ಕೂ ಜಾಸ್ತಿ ದಂಡ ಹಾಕುವ ವ್ಯವಸ್ಥೆ ಇದೆ. ಹಾಗಾಗಿ ‘ಹೋಗಲಿ ಬಿಡು, ನೂರು ರೂಪಾಯಿ’ ಅಂತ ಸುಮ್ಮನಾಗಬೇಡಿ.

ಪ್ಲಾಜಾಕ್ಕೆ ಹೋಗಿ ಕೇಳುವ ಅಗತ್ಯ ಇಲ್ಲ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಆ ವ್ಯವಹಾರದ ವಿವರ ಕೊಟ್ಟು ದೂರು ದಾಖಲಿಸಿ, ದೂರಿನ ನಂಬರ್ ಬರೆದುಕೊಳ್ಳಿ. ಹೆದ್ದಾರಿ ಸಹಾಯವಾಣಿ 1033ಕ್ಕೂ ಹೇಳಿ. ಆ ಹೊತ್ತಿಗೆ ಕಾರು ಬೇರೆಡೆ ಇತ್ತು ಅನ್ನುವುದಕ್ಕೆ ಏನಾದರೂ ಪುರಾವೆ ಇದ್ದರೆ ಒಳ್ಳೆಯದು, ಅಪಾರ್ಟ್‌ಮೆಂಟಿನ ಗೇಟ್ ಕ್ಯಾಮೆರಾ ಆದರೂ ಸರಿ. ಪ್ಲಾಜಾದವರು ಆ ಗಾಡಿಯ ಫೋಟೋ ತೋರಿಸಬೇಕಾಗುತ್ತದೆ. ಅದರಲ್ಲಿ ನಿಮ್ಮ ಕಾರು ಇಲ್ಲ ಅಂದರೆ ದುಡ್ಡು ವಾಪಸ್. ಜೊತೆಗೆ ಎನ್‌ಎಚ್‌ಎಐ ಟೋಲ್ ಇನ್ಫರ್ಮೇಷನ್ ಸಿಸ್ಟಮ್ ಅನ್ನುವ ತಾಣದಲ್ಲಿ ನಿಮ್ಮ ದಾರಿಯ ಪ್ಲಾಜಾಗಳ ಹೆಸರು ಹುಡುಕಿ ನೋಡಿ. ರಸ್ತೆ ಯಾವ ಪದ್ಧತಿಯದು, ಕಟ್ಟಲು ಎಷ್ಟಾಯಿತು, ಇಲ್ಲಿಯವರೆಗೆ ಎಷ್ಟು ವಸೂಲಾಗಿದೆ ಅನ್ನುವ ವಿವರಗಳು ಅಲ್ಲೇ ಪ್ಲಾಜಾವಾರು ಸಿಗುತ್ತವೆ.